ರಾತ್ರಿ ಪಾಳಿಯ ಕೊನೆಯ ಹೀಟ್

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಫೋನ್ ಬಂತೆಂದರೆ ಹೆಸರು ನೋಡುವ ಜರೂರಿಯೇ ಇರುತ್ತಿರಲಿಲ್ಲ. ಬೆಳಗಾವಿ ಉದ್ಯಮಬಾಗದ ಕಾಕಾಂದೇ.

“ಯವ್ವಾ, ನಿನ್ನಿ ರಾತ್ರೀದು ಮತ್ತ ಒಂದ್ ಹೀಟ್ ನುಂಗೇತಿ ನೋಡ ನಿಮ್ಮ ಸಾಫ್ಟ್‌ವೇರು. ಮಾಲಕರು ನನ್ನ ಮಾರಿ ನೋಡಾಕತ್ತಾರ.”

ಕಾಕಾ ಒಂದು ಫೌಂಡ್ರಿಯಲ್ಲಿ ರಾತ್ರಿ ಪಾಳಿಯ ಸುಪರ್‌ವೈಸರ್. ಹೀಟ್ ಅಂದರೆ ಭಟ್ಟಿಯಲ್ಲಿ ಒಂದು ಸಲಕ್ಕೆ ಕರಗಿಸಿ ಸುರಿಯುವ ಲೋಹ. ಅವರ ಇಂಡಕ್ಷನ್ ಭಟ್ಟಿಗೆ ಒಂದು ಹೀಟ್ ಎಂದರೆ ಅರ್ಧ ಟನ್. ರಾತ್ರಿ ಕರೆಂಟಿನ ದರದಲ್ಲಿ ರಿಯಾಯಿತಿ ಇರುವುದರಿಂದ ಕರಗಿಸುವ ಕೆಲಸವನ್ನು ಆದಷ್ಟು ಮೂರನೇ ಪಾಳಿಗೇ ತಳ್ಳುತ್ತಾರೆ, ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ. ಪ್ರತಿ ಹೀಟ್ ಸುರಿದ ಮೇಲೆ ಕಾಕಾ ಕೈಗವಸು ಬಿಚ್ಚಿ, ಬೆವರು ಒರೆಸಿಕೊಂಡು, ಹೀಟ್ ನಂಬರ್, ಗ್ರೇಡ್, ತೂಕ ಮೂರನ್ನೂ ಮೊಬೈಲಿನಲ್ಲಿ ಹಾಕಬೇಕು. ಎಂಟು ಗಂಟೆಗೆ ಮಾಲಕರು ರಿಪೋರ್ಟ್ ತೆಗೆಯುತ್ತಾರೆ. ಮಂಗಳವಾರ ತೆಗೆದ ರಿಪೋರ್ಟ್‌ನಲ್ಲಿ ಸೋಮವಾರ ರಾತ್ರಿಯದು ಒಂದು ಹೀಟ್ ಕಮ್ಮಿ. ರವಿವಾರ ರಜೆ, ಹುಡುಗರಿಗೆ ಸೋಮವಾರ ಮೈ ಬಗ್ಗುವುದಿಲ್ಲ ಎಂಬುದು ಮಾಲಕರ ತೀರ್ಮಾನ.

ಆ ಸಾಫ್ಟ್‌ವೇರ್ ಬರೆದದ್ದು ನಮ್ಮ ತಂಡ. ಟಿಳಕವಾಡಿಯಲ್ಲಿ ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಅದರಲ್ಲಿ ಐದು ಮಂದಿ, ಬೆಂಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವ ಹಾಸನದ ಹುಡುಗ ಆರನೆಯವನು. ನಾನು ಟೆಸ್ಟರ್. ಕಾಗದದ ಮೇಲೆ ಟೆಸ್ಟರ್, ಕೆಲಸದಲ್ಲಿ ಎರಡೂ ಕಡೆಯಿಂದ ಬೈಸಿಕೊಳ್ಳುವವಳು.

ನಾನು ಸೇರಿದಾಗ ಇಲ್ಲಿ ಇಶ್ಯೂ ಟ್ರ್ಯಾಕರ್ (ಒಂದೊಂದು ತಕರಾರನ್ನೂ ಟಿಕೆಟ್ ಎಂದು ನಂಬರ್ ಕೊಟ್ಟು ಬರೆದಿಡುವ ತಂತ್ರಾಂಶ) ಎಂಬುದೇ ಇರಲಿಲ್ಲ. ವಾಟ್ಸ್‌ಆ್ಯಪ್ ಗ್ರೂಪ್ ಇತ್ತು. ಫೌಂಡ್ರಿಯವರು, ಮಷೀನ್ ಶಾಪಿನವರು, ನಮ್ಮವರು ಎಲ್ಲರೂ ಅದರಲ್ಲೇ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಶುರು. ಅದರ ಕೆಳಗೆ ‘ಡಿಸ್ಪ್ಯಾಚ್ ಎಂಟ್ರಿ ಹತ್ತವಲ್ತು, ಗಾಡಿ ನಿಂತೈತಿ’ (ಹತ್ತವಲ್ತು ಅಂದರೆ ದಾಖಲಾಗುತ್ತಿಲ್ಲ). ಅದರ ಕೆಳಗೆ ಯಾರದೋ ಮಗಳ ಹುಟ್ಟುಹಬ್ಬ, ಹದಿನೇಳು ಕೇಕಿನ ಚಿತ್ರ. ಮಧ್ಯಾಹ್ನ ಡೆವಲಪರ್ ಫೋನ್ ತೆಗೆದರೆ ಕೇಕ್ ಕಾಣುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ. ಎರಡು ನೀಲಿ ಗೆರೆ ಬಿದ್ದವೆಂದರೆ ಫೌಂಡ್ರಿಯವರ ಲೆಕ್ಕದಲ್ಲಿ ‘ನೋಡ್ಯಾರ, ಮಾಡ್ತಾರ’. ನಮ್ಮವರ ಲೆಕ್ಕದಲ್ಲಿ ‘ಎಲ್ಲಾರೂ ನೋಡ್ಯಾರ, ಯಾರರ ಒಬ್ಬರು ಮಾಡ್ತಾರ’. ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು.

ನಡುವೆ ಎಕ್ಸೆಲ್ ಹಾಳೆಯೂ ಬಂತು. ಎರಡು ತಿಂಗಳು ಚೆನ್ನಾಗೇ ನಡೆಯಿತು. ಒಂದು ದಿನ ಯಾರೋ ಬರೇ ಒಂದು ಕಾಲಂ ಸಾರ್ಟ್ ಮಾಡಿ ಸೇವ್ ಒತ್ತಿದರು. ಒಬ್ಬರ ತಕರಾರು ಇನ್ನೊಬ್ಬರ ಹೆಸರಿಗೆ ಅಂಟಿಕೊಂಡಿತು. ಮೂರು ದಿನ ನಾನು ಸಿಕ್ಕಸಿಕ್ಕವರಿಗೆ ಫೋನ್ ಮಾಡಿ ‘ಬಿಲ್ಲಿನಾಗ ಟ್ಯಾಕ್ಸ್ ತಪ್ಪ ಬರಾಕತ್ತಿದ್ದು ನಿಮಗೇನ್ರಿ?’ ಎಂದು ಕೇಳುತ್ತ ಕೂತಿದ್ದೆ.

ಕಡೆಗೆ ನಮ್ಮ ಹಿರಿಯ ಡೆವಲಪರ್ (ಎಲ್ಲರೂ ದಾದಾ ಅನ್ನುತ್ತೇವೆ) ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿನ ಧೂಳು ಝಾಡಿಸಿ ಅದರಲ್ಲಿ ರೆಡ್‌ಮೈನ್ ಎಂಬ ಟ್ರ್ಯಾಕರ್ ಹಾಕಿದರು. ಜಾನ್-ಫಿಲಿಪ್ ಲಾಂಗ್ ಎಂಬವರು 2006ರಲ್ಲಿ ಹೊರತಂದ ಮುಕ್ತ ತಂತ್ರಾಂಶ ಅದು, ರೂಬಿ ಆನ್ ರೈಲ್ಸ್ ಎಂಬ ಪ್ರೋಗ್ರಾಮಿಂಗ್ ಚೌಕಟ್ಟಿನಲ್ಲಿ ಬರೆದದ್ದು. ಆರಿಸಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಪುಕ್ಕಟೆ. ಹಾಸನದ ಹುಡುಗನಿಗೆ ಜಿರಾ ಎಂಬ ಇನ್ನೊಂದು ಟ್ರ್ಯಾಕರ್ ಬೇಕಿತ್ತು, ಹಿಂದಿನ ಕಂಪನಿಯಲ್ಲಿ ಅದನ್ನೇ ಬಳಸಿದ್ದನಂತೆ. ನಮ್ಮ ಸರ್ ‘ಜೀರಾ ಅಂದ್ರ ರೈಸಿಗೆ ಹಾಕೂದು’ ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಆ ಹೆಸರಿನ ಹಿಂದೆ ಮಜಾ ಇದೆ. 1998ರಲ್ಲಿ ಮೊಜಿಲ್ಲಾ ಬ್ರೌಸರ್ ಯೋಜನೆಗಾಗಿ ಟೆರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾ ಈ ಕುಲದ ಹಿರಿಯಜ್ಜ ಇದ್ದಂತೆ. ಅಟ್ಲಾಸಿಯನ್ ಕಂಪನಿಯವರೂ ಮೊದಲು ಅದನ್ನೇ ಬಳಸುತ್ತಿದ್ದರು. 2002ರಲ್ಲಿ ತಮ್ಮದೇ ಮಾಡಿದಾಗ ಬಗ್‌ಜಿಲ್ಲಾದಿಂದ ಗಾಡ್‌ಜಿಲ್ಲಾ ನೆನಪಾಗಿ, ಗಾಡ್‌ಜಿಲ್ಲಾಕ್ಕೆ ಜಪಾನೀ ಭಾಷೆಯಲ್ಲಿರುವ ಗೊಜಿರಾ ಹೆಸರಿನ ಬಾಲ ಹಿಡಿದು ಜಿರಾ ಎಂದಿಟ್ಟರು. ಇದನ್ನು ಸರ್‌ಗೆ ಹೇಳಿದೆ. ನಗಲಿಲ್ಲ.

ರೆಡ್‌ಮೈನ್ ಬಂದ ಮೇಲೆ ಮೊದಲು ಎದುರಾದದ್ದು ಭಾಷೆ.

ಬೆಳಗಾವಿಯ ಮಂದಿ ಕನ್ನಡದಲ್ಲಿ ಮರಾಠಿ, ಮರಾಠಿಯಲ್ಲಿ ಕನ್ನಡ ಬೆರೆಸಿ ಮಾತಾಡುತ್ತಾರೆ. ಬಾಯಿಂದ ಬಂದಾಗ ಅದು ಯಾರಿಗೂ ಕಷ್ಟವಲ್ಲ. ಟಿಕೆಟಿನಲ್ಲಿ ಬರೆದಾಗ ‘ಮಷೀನ್ ಮಾಸ್ಟರ್ ಬಂದ್ ಬಿದ್ದೈತಿ’ (ಮಷೀನುಗಳ ಪಟ್ಟಿ ಕೆಲಸ ಮಾಡುತ್ತಿಲ್ಲ) ಎಂದಾಗುತ್ತದೆ. ಒಂದು ದಿನ ‘ಎಂಟ್ರಿ ಹತ್ತವಲ್ತು’ ಎಂದು ಟಿಕೆಟ್ ಬಂತು. ಹಾಸನದ ಹುಡುಗ ಅದರ ಕೆಳಗೆ ಬಹಳ ವಿನಯದಿಂದ ಕೇಳಿದ್ದ: ‘ಎಂಟ್ರಿ ಯಾವುದರ ಮೇಲೆ ಹತ್ತಬೇಕಿತ್ತು ಸರ್?’ ಈಗ ಅವನಿಗೇ ರೂಢಿಯಾಗಿದೆ. ಮೊನ್ನೆ ತಾನು ಕಳಿಸಿದ ಹೊಸ ಬಿಲ್ಡ್ (ತಿದ್ದಿದ ಸಾಫ್ಟ್‌ವೇರ್) ಬಗ್ಗೆ ‘ಚೆಕ್ ಮಾಡಿದೆ ಅಕ್ಕಾ, ಹತ್ತೈತಿ’ ಎಂದು ಬರೆದಿದ್ದಾನೆ. ಅವರಮ್ಮ ಓದಿದರೆ ಗಾಬರಿಯಾಗುತ್ತಾರೆ.

ನಗೆಯಾಚೆ ಒಂದು ಅಡಚಣೆಯೂ ಇದೆ, ಅದು ಹುಡುಕುವುದು. ಒಬ್ಬರು ‘ಹೀಟ್’ ಅಂತ ಬರೆಯುತ್ತಾರೆ, ಒಬ್ಬರು ‘ಹಿಟ್’, ಒಬ್ಬರು ‘ಹೀಟ’, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಟ್ರ್ಯಾಕರ್ ಪಾಪ ಕೊಟ್ಟ ಅಕ್ಷರವನ್ನಷ್ಟೇ ಹುಡುಕುತ್ತದೆ. ಇದು ಮೊದಲೇ ಹೊಳೆದಿದ್ದರೆ ಕಾಕಾ ಅಷ್ಟು ಮಂಗಳವಾರ ಬೈಸಿಕೊಳ್ಳುತ್ತಿರಲಿಲ್ಲ. ಈಗ ‘ಭಟ್ಟಿ’, ‘ಮೋಲ್ಡಿಂಗ್’, ‘ಡಿಸ್ಪ್ಯಾಚ್’, ‘ಬಿಲ್ಲು’ ಎಂದು ವಿಭಾಗಗಳ ಪಟ್ಟಿ ಇಟ್ಟು ಅದರಿಂದಲೇ ಆರಿಸಲು ಹೇಳಿದ್ದೇನೆ. ಟಿಕೆಟಿನ ಹೆಸರು ಏನೇ ಇರಲಿ, ಭಟ್ಟಿಯದೆಲ್ಲ ಒಂದೇ ಕಡೆ ಸಿಗುತ್ತದೆ.

ಎರಡನೆಯದು, ಬರೆಯುವುದನ್ನು ಕಲಿಸುವುದು. ‘ರಿಪೋರ್ಟ್ ತಪ್ಪ ಐತಿ, ಅರ್ಜಂಟ್’ ಎಂಬುದರಿಂದ ಯಾರೂ ಏನೂ ಸರಿಪಡಿಸಲಾರರು. ಫೌಂಡ್ರಿಗೆ ಹೋಗಿ ಗೋಡೆಗೆ ಕಾಗದ ಅಂಟಿಸಿ ಬಂದೆ: ಏನ ಮಾಡಿದ್ರಿ, ಏನ ಬರಬೇಕಿತ್ತು, ಏನ ಬಂತು, ಒಂದು ಫೋಟೋ. ಅಷ್ಟೇ. ಮೋಲ್ಡಿಂಗ್ ವಿಭಾಗದ ಒಬ್ಬರು ಮರುದಿನವೇ ಬರೆದರು: ‘ಬಟನ್ ಒತ್ತಿದ್ನಿ. ರಿಪೋರ್ಟ್ ಬರಬೇಕಿತ್ತು. ಸಿಟ್ಟು ಬಂತು.’ ಫೋಟೋ ಕೂಡ ಇತ್ತು, ಅವರದೇ.

ತುರ್ತಿನ ವಿಷಯಕ್ಕೆ ಬಂದರೆ ಎಲ್ಲರದೂ ಅರ್ಜಂಟೇ. ದೋಷ ಎಷ್ಟು ದೊಡ್ಡದು ಎಂಬುದು ಒಂದು, ಅದನ್ನು ಎಷ್ಟು ಲಗೂನ ಮಾಡಬೇಕು ಎಂಬುದು ಇನ್ನೊಂದು. ಇವೆರಡು ಬೇರೆಬೇರೆ ಎಂದು ತಿಳಿಸಲು ನನಗೆ ಒಂದು ಕಾಗದ ಸಾಕಾಯಿತು. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಗಿರಾಕಿ ಕಂಪನಿಯ ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು. ಡೆವಲಪರ್ ಕಣ್ಣಿಗೆ ಅದು ಎರಡು ನಿಮಿಷದ ಕ್ಷುಲ್ಲಕ ಕೆಲಸ, ವಾರಾಂತ್ಯಕ್ಕೆ ಮಾಡಿದರಾಯಿತು. ಆದರೆ ಆ ಕಾಗದ ಸರಿಯಿಲ್ಲದೆ ಮಾಲು ಇಳಿಸಿಕೊಳ್ಳುವುದಿಲ್ಲ ಎಂದು ಗಿರಾಕಿಯ ಗೇಟಿನಲ್ಲಿ ಲಾರಿ ನಿಂತಿತ್ತು. ಸಣ್ಣ ತಪ್ಪು, ಮೊದಲ ಸರದಿ. ತಿಂಗಳಿಗೊಮ್ಮೆ ತೆಗೆಯುವ ಒಂದು ರಿಪೋರ್ಟ್ ಪೂರ್ತಿ ಮುರಿದು ಬಿದ್ದಿದ್ದರೂ ಎರಡು ವಾರ ಯಾರೂ ಕೇಳಲಿಲ್ಲ.

ಹೀಗೆ ಒಂದು ಹದಕ್ಕೆ ಬರುತ್ತಿದ್ದಾಗ ಸರ್ ಒಂದು ಬಿಳಿ ಹಲಗೆ ತಂದು ಗೋಡೆಗೆ ಹೊಡೆಸಿದರು. ಯಾರು ಈ ತಿಂಗಳು ಎಷ್ಟು ಟಿಕೆಟ್ ಮುಚ್ಚಿದರು ಎಂದು ಅದರಲ್ಲಿ ಹೆಸರಿನ ಮುಂದೆ ಅಂಕಿ. ಅವರ ಉದ್ದೇಶ ಕೆಟ್ಟದಿರಲಿಲ್ಲ, ಸುಸ್ತಾದವರಿಗೆ ಹುರುಪು ಬರಲಿ ಎಂದಿದ್ದರು. ಹುರುಪು ಬಂತು. ಒಂದು ಟಿಕೆಟ್ ಒಡೆದು ನಾಲ್ಕಾಯಿತು. ಕಷ್ಟದವು ಕೆಳಗೆ ಉಳಿದವು, ಬಣ್ಣ ಬದಲಿಸುವಂಥವಕ್ಕೆ ಪೈಪೋಟಿ ಬಿತ್ತು. ತಿಂಗಳ ಕೊನೆಯ ಎರಡು ದಿನ ಟಿಕೆಟ್‌ಗಳು ಮಳೆಗಾಲದ ಹುಳಗಳ ಹಾಗೆ ಪಟಪಟ ಉದುರುತ್ತಿದ್ದವು. ಹೊಸ ತಿಂಗಳ ಮೊದಲ ವಾರ ಅವೇ ಬೇರೆ ನಂಬರ್ ಹೊತ್ತು ಎದ್ದು ಬರುತ್ತಿದ್ದವು. ನಾನೂ ಸಾಚಾ ಅಲ್ಲ. ಪರೀಕ್ಷೆ ಮಾಡಿ ಹೊಳ್ಳಿ ಕಳಿಸಬೇಕಾದ ಒಂದೆರಡನ್ನು ‘ಇರಲಿ ಬಿಡು, ಅವನ ಅಂಕಿ ಕಮ್ಮಿ ಐತಿ’ ಎಂದು ಬಿಟ್ಟಿದ್ದೇನೆ.

ಕಾಕಾನ ಹೀಟ್ ಸಿಕ್ಕಿಬಿದ್ದದ್ದು ಈ ಹಲಗೆಯ ಕಾಲದಲ್ಲೇ.

287ನೇ ಟಿಕೆಟ್, ಬರೆದವರು ಕಾಕಾ. ‘ಸೋಮವಾರ ರಾತ್ರಿ 6 ಹೀಟ್ ಮಾಡೀವಿ. ರಿಪೋರ್ಟಿನಾಗ 5 ಬಂದಾವು.’ ಕೆಳಗೆ ಭಟ್ಟಿಯ ಪಕ್ಕದ ರಿಜಿಸ್ಟರಿನ ಫೋಟೋ. ದಾದಾ ಬೆಳಿಗ್ಗೆ ಹನ್ನೊಂದಕ್ಕೆ ಕೂತು ಆರು ಹೀಟ್ ಹಾಕಿ ನೋಡಿದರು, ಆರೂ ಬಂದವು. ‘ನಮ್ಮಲ್ಲಿ ಬರುತ್ತಿಲ್ಲ’ ಎಂದು ಬರೆದು ಮುಚ್ಚಿದರು. ಮೂರು ವಾರ ಬಿಟ್ಟು 339, ಹೆಸರು ‘ಹಿಟ್ ರಿಪೋರ್ಟ್ ತಪ್ಪ’. ಅದನ್ನು ಹಾಸನದ ಹುಡುಗ ನೋಡಿ ‘ಯೂಸರ್ ಒಂದು ಎಂಟ್ರಿ ಮರೆತಿರಬೇಕು’ ಎಂದು ಮುಚ್ಚಿದ. ಕಾಕಾಗೆ ಇದು ನಾಟಿತು. ಇಪ್ಪತ್ತೆರಡು ವರ್ಷ ಭಟ್ಟಿ ಮುಂದೆ ನಿಂತ ಮನುಷ್ಯ. “ಅರ್ಧಾ ಟನ್ ಲೋಹ ಸುರದು ಮರ್ತಬಿಡ್ತಾರೇನ ಯವ್ವಾ? ಹಾಲಿನ ಲೆಕ್ಕ ಏನ ಅದು?” ಅಂದರು. ಆಮೇಲೆ ಟಿಕೆಟ್ ಬರೆಯುವುದನ್ನೇ ಬಿಟ್ಟು ನನಗೆ ಫೋನ್ ಮಾಡತೊಡಗಿದರು.

ಈ ನಡುವೆ 371 ಬಂದಿತ್ತು. ಅದನ್ನು ಬರೆದವರು ಅದೇ ಫೌಂಡ್ರಿಯ ಅಕೌಂಟ್ಸ್ ಅಕ್ಕಾರು. ಅವರಿಗೂ ಕಾಕಾಗೂ ಮಾತುಕತೆ ಅಷ್ಟಕ್ಕಷ್ಟೇ. ‘ರವಿವಾರ ಭಟ್ಟಿ ಬಂದ್ ಇರುತ್ತದೆ. ಆದರೂ ರವಿವಾರದ ಮೂರನೇ ಪಾಳಿಯಲ್ಲಿ 1 ಹೀಟ್ ತೋರಿಸುತ್ತಿದೆ. ದಯವಿಟ್ಟು ತೆಗೆಯಿರಿ.’ ತಿಂಗಳ ಕೊನೆಯ ದಿನ ಬಂದಿದ್ದರಿಂದ ಯಾರೋ ಆ ವಾರದ ಆ ಒಂದು ಸಾಲನ್ನು ಡೇಟಾಬೇಸಿನಿಂದ ಅಳಿಸಿ, ಸರಿಯಾಯಿತು ಎಂದು ಬರೆದು ಮುಚ್ಚಿದರು. ಹಲಗೆಯ ಮೇಲೆ ಒಂದು ಅಂಕಿ ಏರಿತು. ಯಾರು ಅಂತ ಹೇಳುವುದಿಲ್ಲ, ಅವರು ಈ ಬ್ಲಾಗ್ ಓದುತ್ತಾರೆ.

ಒಂದು ಕಡೆ ಹೀಟ್ ಕಮ್ಮಿ, ಇನ್ನೊಂದು ಕಡೆ ಹೀಟ್ ಹೆಚ್ಚು. ಎರಡೂ ಬೇರೆ ಬೇರೆ ಟಿಕೆಟ್, ಬರೆದವರು ಬೇರೆ, ನೋಡಿದವರು ಬೇರೆ. ನನಗೂ ತಟ್ಟನೆ ಹೊಳೆಯಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಹೋಗಿ ಯುಪಿಎಸ್ ಕುಂಯ್‌ಗುಡುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಲ್ಯಾಪ್‌ಟಾಪಿನಲ್ಲಿ ಮುಚ್ಚಿದ ಟಿಕೆಟ್‌ಗಳನ್ನು ಸುಮ್ಮನೆ ಓದುತ್ತಿದ್ದೆ. ಕಾಕಾನ ಎರಡು ರಿಜಿಸ್ಟರ್ ಫೋಟೋ ಪಕ್ಕಪಕ್ಕ ಇಟ್ಟೆ. ಫೋನಿನಲ್ಲಿ ಆಮೇಲೆ ಕಳಿಸಿದ್ದ ಇನ್ನೊಂದನ್ನೂ ಇಟ್ಟೆ. ಹೀಟ್ ಸುರಿದ ವೇಳೆಯನ್ನು ಕಾಕಾ ನೀಲಿ ಪೆನ್ನಿನಲ್ಲಿ ದುಂಡಗೆ ಬರೆಯುತ್ತಾರೆ. ಕೊನೆಯ ಸಾಲು ಒಂದರಲ್ಲಿ 5:40, ಒಂದರಲ್ಲಿ 6:10, ಇನ್ನೊಂದರಲ್ಲಿ 5:50. ರಿಪೋರ್ಟಿನಿಂದ ಕಾಣೆಯಾದದ್ದು ಮೂರೂ ಸಲ ಆ ಕೊನೆಯ ಸಾಲೇ.

ಅಲ್ಲಿಂದ ಮುಂದೆ ತಲೆ ಓಡಿತು. ಕಳೆದುಹೋದ ಹೀಟ್ ಎಲ್ಲಿಯೂ ಹೋಗುತ್ತಿಲ್ಲ, ಮರುದಿನದ ತಾರೀಖಿಗೆ ಹೋಗಿ ಕೂರುತ್ತಿದೆ. ಸೋಮವಾರದ್ದು ಮಂಗಳವಾರಕ್ಕೆ, ಮಂಗಳವಾರದ್ದು ಬುಧವಾರಕ್ಕೆ. ನಡುವಿನ ದಿನಗಳಲ್ಲಿ ಒಂದು ಹೋಗಿ ಒಂದು ಬರುವುದರಿಂದ ಎಣಿಕೆ ಸರಿಯಾಗಿಯೇ ಕಾಣುತ್ತದೆ. ಶನಿವಾರದ್ದು ರವಿವಾರಕ್ಕೆ ಜಾರಿ, ಬಂದ್ ಇದ್ದ ಭಟ್ಟಿಯ ಲೆಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಸೋಮವಾರಕ್ಕೆ ಮಾತ್ರ ಹಿಂದಿನಿಂದ ಬರುವವರು ಯಾರೂ ಇಲ್ಲ, ಹೋಗುವುದೊಂದೇ. ಹೀಗಾಗಿ ಮಂಗಳವಾರದ ಬೈಗುಳ.

ಗೊತ್ತಾಯಿತು ಎನ್ನುವುದು ಬೇರೆ, ತೋರಿಸುವುದು ಬೇರೆ. ಮುಂದಿನ ಮಂಗಳವಾರ ನಸುಕಿನಲ್ಲಿ ನಾಲ್ಕೂಮುಕ್ಕಾಲಿಗೆ ರೇನ್‌ಕೋಟ್ ಹಾಕಿಕೊಂಡು ಸ್ಕೂಟಿ ತೆಗೆದೆ. ಅಮ್ಮ ಬಾಗಿಲಲ್ಲಿ ನಿಂತು “ಸಾಫ್ಟ್‌ವೇರ್ ಅಂದ್ರ ಇದಾ?” ಅಂದಳು. ಖಾನಾಪುರ ರಸ್ತೆಯಲ್ಲಿ ಮೂರನೇ ಗೇಟ್ ದಾಟುವಷ್ಟರಲ್ಲಿ ಒಳಗಿನ ಬಟ್ಟೆಯೂ ತೊಯ್ದಿತ್ತು. ಫೌಂಡ್ರಿಯೊಳಗೆ ಹೋದರೆ ಒಂದೇ ನಿಮಿಷಕ್ಕೆ ಒಣಗಿತು. ಭಟ್ಟಿಯ ಬಾಯಿ ಕೆಂಪಗೆ, ಕೈಯಲ್ಲಿ ಲೋಹ ಸುರಿಯುವ ಲ್ಯಾಡಲ್ ಹಿಡಿದ ಹುಡುಗರು, ಸುಟ್ಟ ಮರಳಿನ ವಾಸನೆ. ಕಾಕಾ ನನ್ನ ನೋಡಿ ಮೊದಲು ಹೇಳಿದ್ದು “ಚಪ್ಪಲ್ ಹಾಕ್ಕೊಂಡ ಒಳಗ ಬರಬ್ಯಾಡ, ಬೂಟ್ ಕೊಡ್ತೀನಿ ತಡಿ”. ಎರಡು ಸೈಜ್ ದೊಡ್ಡ ಬೂಟು.

5:15ಕ್ಕೆ ಐದನೇ ಹೀಟ್ ಸುರಿದರು. ಕಾಕಾ 5:20ಕ್ಕೆ ಎಂಟ್ರಿ ಮಾಡಿದರು. ನಾನು ನನ್ನ ಫೋನಿನಲ್ಲಿ ಸೋಮವಾರದ ರಿಪೋರ್ಟ್ ತೆಗೆದೆ, ಐದು ಇತ್ತು. ಇಬ್ಬರೂ ಅವಲಕ್ಕಿ ತಿಂದು ಚಾ ಕುಡಿದೆವು. 6:05ಕ್ಕೆ ಆರನೆಯದು. ಎಂಟ್ರಿ ಹಾಕಿದರು. ಸೋಮವಾರದ ರಿಪೋರ್ಟ್ ಮತ್ತೆ ತೆಗೆದೆ. ಐದೇ. ತಾರೀಖು ಮಂಗಳವಾರಕ್ಕೆ ಬದಲಿಸಿದೆ. ಮಂಗಳವಾರದ ರಾತ್ರಿ ಪಾಳಿ ಶುರುವಾಗಲು ಇನ್ನೂ ಹದಿನೇಳು ತಾಸು ಇತ್ತು, ಅದರ ಲೆಕ್ಕದಲ್ಲಿ ಆಗಲೇ ಒಂದು ಹೀಟ್ ಕೂತಿತ್ತು.

ಕಾಕಾ ಚಸ್ಮಾ ಏರಿಸಿ ನೋಡಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಅಂದ್ರ ನಾ ಮರ್ತಿರಲಿಲ್ಲ” ಅಂದರು.

ಆಫೀಸಿಗೆ ಬಂದು ಹೊಸ ಟಿಕೆಟ್ ತೆರೆಯಲಿಲ್ಲ. 287ನ್ನೇ ಮತ್ತೆ ತೆರೆದೆ. 339 ಮತ್ತು 371ನ್ನು ಅದರದೇ ಮರುಪ್ರತಿಗಳು ಎಂದು ಜೋಡಿಸಿದೆ. ನಸುಕಿನ ಎರಡು ಎಂಟ್ರಿಗಳ ವೇಳೆ, ಮೂರು ಸ್ಕ್ರೀನ್‌ಶಾಟ್, ರಿಜಿಸ್ಟರಿನ ಫೋಟೋಗಳು ಎಲ್ಲ ಹಾಕಿದೆ. ಹಾಸನದ ಹುಡುಗ ಹತ್ತು ನಿಮಿಷಕ್ಕೆ ಫೋನ್ ಮಾಡಿದ. ಹಲೋ ಇಲ್ಲ, ನಮಸ್ಕಾರ ಇಲ್ಲ. “ಅಕ್ಕಾ, ಐದೂವರೆ!”

ನಮ್ಮ ಸರ್ವರ್ ಗಡಿಯಾರ ನಡೆಯುವುದು ಯುಟಿಸಿ ಎಂಬ ಜಾಗತಿಕ ವೇಳೆಗೆ. ಭಾರತದ ವೇಳೆ ಅದಕ್ಕಿಂತ ಐದೂವರೆ ತಾಸು ಮುಂದೆ. ಇಲ್ಲಿ ಬೆಳಿಗ್ಗೆ 5:30 ಆದಾಗ ಅಲ್ಲಿ ಮಧ್ಯರಾತ್ರಿ, ತಾರೀಖು ಬದಲಾಗುವ ಗಳಿಗೆ. ರಿಪೋರ್ಟ್ ಆ ತಾರೀಖನ್ನೇ ಎತ್ತಿಕೊಳ್ಳುತ್ತಿತ್ತು. ಕೊನೆಯ ಹೀಟ್ ಐದೂವರೆಯೊಳಗೆ ಮುಗಿದ ದಿನ ಎಲ್ಲ ಸರಿ, ದಾಟಿದ ದಿನ ತಪ್ಪು. ದಾದಾ ಬೆಳಿಗ್ಗೆ ಹನ್ನೊಂದಕ್ಕೆ ಎಷ್ಟು ಸಲ ಪರೀಕ್ಷೆ ಮಾಡಿದರೂ ಅದು ಕಾಣಿಸುವುದಾದರೂ ಹೇಗೆ?

ಇಲ್ಲೊಂದು ತಿರುವು ಇದೆ, ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಯಾರಿಗೇ ಆದರೂ ಥಟ್ಟನೆ ತೋಚುವ ಪರಿಹಾರ, ವೇಳೆಯನ್ನು ಭಾರತದ ಲೆಕ್ಕಕ್ಕೆ ಬದಲಿಸಿಬಿಡುವುದು. ಹುಡುಗ ಅದನ್ನೇ ಮಾಡಲು ಹೊರಟಿದ್ದ. ದಾದಾ ತಡೆದರು. ಹಾಗೆ ಮಾಡಿದರೆ ತಾರೀಖು ನಮ್ಮ ಮಧ್ಯರಾತ್ರಿಗೇ ಬದಲಾಗುತ್ತದೆ, ಆಗ ಹನ್ನೆರಡರ ನಂತರದ ಹೀಟ್‌ಗಳೆಲ್ಲ ಮರುದಿನಕ್ಕೆ ಜಾರುತ್ತವೆ. ಒಂದು ಹೋಗುತ್ತಿದ್ದಲ್ಲಿ ಐದು ಹೋಗುತ್ತವೆ. ಫೌಂಡ್ರಿಯವರ ಪ್ರಕಾರ ಬೆಳಗಿನ ಏಳರವರೆಗೂ ಅದು ಸೋಮವಾರದ ರಾತ್ರಿಯೇ. ಅಂದರೆ ಹನ್ನೆರಡರಿಂದ ಐದೂವರೆವರೆಗೆ ನಮ್ಮ ಕೋಡ್ ಸರಿಯಾಗಿ ನಡೆದದ್ದು ತಪ್ಪಿನ ದೆಸೆಯಿಂದ. ಸರಿಯಾದ ದಾರಿ ಬೇರೆ: ಪಾಳಿಯ ತಾರೀಖು ಎಂದು ಪ್ರತ್ಯೇಕ ಕಾಲಂ, ಪಾಳಿ ಶುರುವಾದ ದಿನ ಯಾವುದೋ ಆ ದಿನ. ಹಳೆಯ ಡೇಟಾವನ್ನೂ ಹೀಗೆಯೇ ತಿದ್ದಬೇಕು. ಮಾರ್ಚ್ 31ರ ರಾತ್ರಿಯ ಕೊನೆಯ ಹೀಟ್ ಏಪ್ರಿಲ್‌ನಲ್ಲಿ ಹೋಗಿ ಕೂತಿತ್ತು, ಅಕೌಂಟ್ಸ್ ಅಕ್ಕಾರ ವರ್ಷಾಂತ್ಯದ ಲೆಕ್ಕ ಯಾಕೆ ಕೂಡುತ್ತಿರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು.

ಈ ವಾದವಿವಾದವನ್ನೆಲ್ಲ ಟಿಕೆಟಿನಲ್ಲೇ ಬರೆಯಿರಿ ಎಂದು ಇಬ್ಬರಿಗೂ ಹಟ ಹಿಡಿದೆ. ದಾದಾ ಗೊಣಗಿದರು, ‘ಇಲ್ಲೇ ಕುಂತೀವಲ್ಲ, ಮಾತಾಡಿದ್ರ ಆತು’. ಇವತ್ತು ಕುಂತಿದ್ದೀರಿ. ಎರಡು ವರ್ಷ ಬಿಟ್ಟು ಬರುವ ಹೊಸ ಹುಡುಗಿ ಆ ಕಾಲಂ ನೋಡಿ ‘ಇದ್ಯಾಕ ಎರಡೆರಡು ತಾರೀಖು’ ಎಂದು ಒಂದನ್ನು ಕಿತ್ತು ಹಾಕದಿರಲು ಏನು ಗ್ಯಾರಂಟಿ? ಕೋಡ್ ಪಕ್ಕದಲ್ಲಿ 287 ಎಂದು ಬರೆದಿದ್ದರೆ ಬಂದು ಓದುತ್ತಾಳೆ.

ಆ ವಾರವೇ ಇನ್ನೊಂದು ಎಡವಟ್ಟು. ಹುಡುಗ ಕೋಡ್ ಸೇರಿಸುವಾಗ ‘ಫಿಕ್ಸಸ್ 287’ ಎಂದು ಬರೆದ. ರೆಡ್‌ಮೈನ್‌ನಲ್ಲಿ ಹಾಗೆ ಬರೆದರೆ ಟಿಕೆಟ್ ತಾನಾಗಿ ಮುಚ್ಚುವಂತೆ ನಾವೇ ಹೊಂದಿಸಿದ್ದೆವು. ಅದಕ್ಕೆ ಜೋಡಿಸಿದ ಮರುಪ್ರತಿಗಳೂ ಜೊತೆಗೇ ಮುಚ್ಚಿದವು. ಹೊಸ ಬಿಲ್ಡ್ ಫೌಂಡ್ರಿಗೆ ಇನ್ನೂ ಹೋಗಿಯೇ ಇರಲಿಲ್ಲ. ಕಾಕಾಗೆ ಮೇಲ್ ಹೋಯಿತು: ನಿಮ್ಮ ಟಿಕೆಟ್ ಮುಚ್ಚಲಾಗಿದೆ. ಮಂಗಳವಾರ ಎಂಟೂಕಾಲಿಗೆ ಫೋನ್. “ಮುಚ್ಚಿದ್ದು ಯಾರು? ನನ್ನ ಕೇಳಿದ್ರೇನು?”

ಉತ್ತರ ಇರಲಿಲ್ಲ.

ಬಾಗಲಕೋಟೆಯಲ್ಲಿ ನಮ್ಮಪ್ಪಂದು ಕಿರಾಣಿ ಅಂಗಡಿ. ಮೊದಲು ಹಳೇ ಊರಲ್ಲಿತ್ತು, ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋದ ಮೇಲೆ ನವನಗರಕ್ಕೆ ಬಂತು. ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಚದುರಿದರು. ಉದ್ರಿ ವಹಿ ಮಾತ್ರ ಅದೇ, ಹೆಸರಿನ ಮುಂದೆ ಸೆಕ್ಟರ್ ನಂಬರ್ ಸೇರಿತು ಅಷ್ಟೇ. ಆ ವಹಿಯಲ್ಲಿ ಲೆಕ್ಕ ಮುಗಿಯುವುದು ಮೂರು ಬಗೆಯಲ್ಲಿ. ‘ಮುಟ್ಟಿತು’ ಎಂದರೆ ಹಣ ಬಂತು. ‘ತಮ್ಮನ ಖಾತೆಕ ಹಾಕೀನಿ’ ಎಂದರೆ ಒಂದೇ ಮನೆಯ ಎರಡು ಲೆಕ್ಕ ಒಂದಾಯಿತು. ‘ಬಿಟ್ಟೀನಿ’ ಎಂದರೆ ಬರುವುದಿಲ್ಲ, ಕೇಳುವುದೂ ಇಲ್ಲ. ಆದರೆ ಅದರ ಮುಂದೆ ಕಾರಣ ಇರಲೇಬೇಕು: ‘ಮನ್ಯಾಗ ಸಾವು’, ‘ಊರ ಬಿಟ್ಟಾರ’. ಹಾಳೆ ಹರಿಯುವುದಿಲ್ಲ. ‘ಮುಟ್ಟಿತು’ ಎಂದು ಗೆರೆ ಎಳೆಯುವುದಿದ್ದರೆ ಗಿರಾಕಿಯ ಕಣ್ಣೆದುರಿಗೇ ಎಳೆಯಬೇಕು. ಹಣ ಮಗನ ಕೈಯಲ್ಲಿ ಕಳಿಸಿದ್ದರೆ ಅಪ್ಪ ಜಮಾ ಬರೆದಿಟ್ಟುಕೊಂಡು, ಗೆರೆ ಎಳೆಯಲು ಅವರು ಖುದ್ದು ಬರುವತನಕ ಕಾಯುತ್ತಿದ್ದ. ಚಿಕ್ಕವಳಿದ್ದಾಗ ಇದು ನನಗೆ ಶುದ್ಧ ತಲೆಹರಟೆ ಎನಿಸುತ್ತಿತ್ತು.

ಬಗ್‌ಜಿಲ್ಲಾ ಮಾಡಿದವರೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದರು. ಅದರಲ್ಲಿ ‘ಸರಿಪಡಿಸಿದೆ’ ಬೇರೆ, ‘ಮಾಡುವುದಿಲ್ಲ’ ಬೇರೆ, ‘ಮರುಪ್ರತಿ’ ಬೇರೆ, ‘ನನ್ನಲ್ಲಿ ಸರಿಯಾಗೇ ನಡೆಯುತ್ತದೆ’ ಬೇರೆ. ಇವೆಲ್ಲದರ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಇನ್ನೊಂದು ಹಂತ. ಉಬುಂಟು ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಒಂದನೇ ನಂಬರ್ ಬಗ್ (ದೋಷದ ಟಿಕೆಟ್) ಕೂಡ ನೆನಪಾಗುತ್ತದೆ. 2004ರಲ್ಲಿ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಬರೆದದ್ದು, ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ ಎಂಬುದೇ ತಕರಾರು. ಸುಮಾರು ಒಂಬತ್ತು ವರ್ಷ ತೆರೆದೇ ಇತ್ತು. ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳು ಬಂದು ಲೆಕ್ಕ ಬದಲಾಗಿದೆ ಎಂದು 2013ರಲ್ಲಿ ಮುಚ್ಚಿದರು. ಮುಚ್ಚಿದ್ದು ಯಾರು? ಬರೆದ ಶಟಲ್‌ವರ್ತ್ ಅವರೇ.

ರೆಡ್‌ಮೈನ್‌ನಲ್ಲಿ ವರ್ಕ್‌ಫ್ಲೋ ಎಂಬ ಪುಟವಿದೆ. ಯಾವ ಪಾತ್ರದವರು ಟಿಕೆಟನ್ನು ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಒಯ್ಯಬಹುದು ಎಂದು ಚೌಕಗಳಲ್ಲಿ ಗುರುತು ಹಾಕುವುದು. ದಾದಾನ ಪಕ್ಕ ಕೂತು ಅರ್ಧ ತಾಸು ಅದರ ಮೇಲೆ ಕೆಲಸ ಮಾಡಿದೆವು. ಡೆವಲಪರ್ ‘ರಿಸಾಲ್ವ್ಡ್’ (ಸರಿಪಡಿಸಿದೆ) ತನಕ ಒಯ್ಯಬಹುದು, ‘ಕ್ಲೋಸ್ಡ್’ (ಮುಚ್ಚಿದೆ) ಮಾಡಲಾಗದು. ಕೋಡ್ ಸೇರಿಸಿದರೂ ಅಷ್ಟೇ, ‘ರಿಸಾಲ್ವ್ಡ್’ಗೆ ನಿಲ್ಲುತ್ತದೆ. ಮುಚ್ಚುವುದು ಬರೆದವರು. ಅವರು ಎರಡು ವಾರ ಸುಮ್ಮನಿದ್ದರೆ ನಾನು ಫೋನ್ ಮಾಡಿ ಕೇಳುತ್ತೇನೆ. ‘ಹ್ಞೂಂ’ ಅಂದರೆ ಅವರ ಹೆಸರು, ತಾರೀಖು ಬರೆದು ಮುಚ್ಚುತ್ತೇನೆ. ಇಷ್ಟಾದ ಮೇಲೆ ಹಲಗೆಯ ಅಂಕಿಗಳು ನೆಲ ಕಚ್ಚಿದವು. ಸರ್ ಎರಡು ವಾರ ಮುಖ ಗಂಟಿಕ್ಕಿಕೊಂಡಿದ್ದರು. ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಯಲು ಇಳಿಸಿದ ಹಲಗೆ ಮತ್ತೆ ಏರಲಿಲ್ಲ, ಈಗ ಅದರ ಮೊಳೆಗಳಿಗೆ ಊಟದ ಡಬ್ಬಿಗಳ ಚೀಲಗಳು ತೂಗುತ್ತವೆ.

ಗೋಡೆಗೆ ಅಂಟಿಸಿದ ಕಾಗದಕ್ಕೆ ನಾಲ್ಕನೇ ಪ್ರಶ್ನೆಯೂ ಸೇರಿದೆ: ಎಷ್ಟ ಗಂಟೇಕ?

ಕಾಕಾ 287ನ್ನು ತಕ್ಷಣ ಮುಚ್ಚಲಿಲ್ಲ. ಹೊಸ ಬಿಲ್ಡ್ ಹೋದ ಮೊದಲ ಮಂಗಳವಾರ ಎಲ್ಲ ಸರಿ ಇತ್ತು, ನಾನೇ ಫೋನ್ ಮಾಡಿ ಕೇಳಿದೆ. “ಒಂದ್ ಸಲಕ್ಕ ಏನ್ ಹೇಳೂದು ಯವ್ವಾ, ಇರಲಿ” ಅಂದರು. ಎರಡನೇ ಮಂಗಳವಾರವೂ ಇರಲಿ. ಮೂರನೇ ಮಂಗಳವಾರ ಎಂಟೂಕಾಲಿಗೆ ಫೋನ್ ಬರಲಿಲ್ಲ. ಎಂಟೂವರೆಗೆ ಮೇಲ್ ಬಂತು. ಸ್ಥಿತಿ: ಕ್ಲೋಸ್ಡ್. ಟಿಪ್ಪಣಿ: ‘3 ಸೋಮವಾರ ನೋಡೀನಿ. 6 ಮಾಡೀವಿ, 6 ಬಂದಾವು. ಮಾಲಕರಿಗೂ ತೋರಸೀನಿ.’

ಹತ್ತು ನಿಮಿಷಕ್ಕೆ ಇನ್ನೊಂದು. 431, ಬರೆದವರು ಕಾಕಾ, ವಿಭಾಗ ಭಟ್ಟಿ. ‘ಮೊಬೈಲಿನಾಗ ತೂಕದ ಅಂಕಿ ಭಾಳ ಸಣ್ಣವು. ಚಸ್ಮಾ ಮ್ಯಾಲ ಹಬಿ ಕೂಡತೈತಿ, ತಗದ್ರ ಕಾಣಂಗಿಲ್ಲ. 5 ಮತ್ತ 6 ಒಂದ ಥರಾ ಕಾಣತಾವು. ವೇಳೆ: ರಾತ್ರಿ ಪೂರ್ತಿ.’ ಫೋಟೋ ಇದೆ, ಬೆಳಕಿಗೆ ಎಲ್ಲ ಬಿಳಿಚಿಕೊಂಡಿದೆ. ಹಾಸನದ ಹುಡುಗ ‘ಎಷ್ಟು ದೊಡ್ಡದು ಬೇಕು?’ ಎಂದು ಕೇಳಿದ್ದಾನೆ. ಅದು ಈಗ ನನ್ನ ಹೆಸರಿಗಿದೆ. ಸೋಮವಾರ ರಾತ್ರಿ ಹೋಗಿ ಬರಬೇಕು, ಈ ಸಲ ನನ್ನ ಅಳತೆಯ ಬೂಟ್ ಒಯ್ಯುತ್ತೇನೆ.